ಬಿಗಿ ಹಿಡಿದ ಕಾರಿನ ಬಾಗಿಲು: ಎಣ್ಣೆ ಬಿಡುವ ಮುಂಚೆ ಮಾಡಬೇಕಾದ ಕೆಲಸ

ಕಾರಿನ ಬಾಗಿಲು ಬಿಗಿ ಹಿಡಿಯಿತು ಅಂದರೆ ನಮ್ಮ ಕಡೆ ಎರಡೇ ಮದ್ದು. ಒಂದು, ಜೋರಾಗಿ ಬಡಿಯೋದು. ಇನ್ನೊಂದು, ಅಡುಗೆಮನೆಯಿಂದ ಎಣ್ಣೆ ತಂದು ಬಿಡೋದು. ಎರಡರಿಂದಲೂ ನಾಲ್ಕು ದಿನ ಬಾಗಿಲು ನಡೆಯುತ್ತದೆ, ಐದನೇ ದಿನ ಮೊದಲಿಗಿಂತ ಬಿಗಿಯಾಗುತ್ತದೆ.

ಅದಕ್ಕೆ ಕಾರಣ ಇಲ್ಲಿನ ಧೂಳು. ಕಲಬುರಗಿಯಿಂದ ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಹೋದರೆ ಸುಣ್ಣದ ಕಲ್ಲಿನ ಪುಡಿ, ಸಿಮೆಂಟ್ ಧೂಳು, ಪರಸಿ ಕಲ್ಲು ಕೊಯ್ಯುವ ಮಷಿನ್ನಿನ ಬಿಳಿ ಹಿಟ್ಟು. ಬೀದರಿನಲ್ಲಿ ಜಂಬಿಟ್ಟಿಗೆಯ ಕೆಂಪು ಧೂಳು. ಯಾದಗಿರಿಯ ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಗದ್ದೆಗಳ ಕೆಸರು. ಎಲ್ಲಕ್ಕೂ ಮೇಲೆ ಎರೆ ಮಣ್ಣು: ಹಸಿ ಇದ್ದಾಗ ಅಂಟು, ಒಣಗಿದಾಗ ಇಟ್ಟಿಗೆ. ಇದೆಲ್ಲ ಬಾಗಿಲಿನ ಲ್ಯಾಚ್, ಅಂದರೆ ಬಾಗಿಲನ್ನು ಹಿಡಿದು ನಿಲ್ಲಿಸುವ ಚಿಲಕದ ಒಳಗಿನ ಹಳೆಯ ಗ್ರೀಸಿಗೆ ಅಂಟಿ ಒಂದು ಕರಿ ಹಿಟ್ಟಾಗುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟರೆ ಆಗೋದು ಕೆಸರಿಗೆ ನೀರು ಹಾಕಿದ ಕೆಲಸ. ಅದರಲ್ಲೂ ಕುಸುಬೆ ಎಣ್ಣೆ, ಅಗಸೆ ಎಣ್ಣೆ ಬೇಡವೇ ಬೇಡ. ಇವು ಗಾಳಿಗೆ ಒಣಗಿ ಗಟ್ಟಿ ಪದರ ಕಟ್ಟುವ ಎಣ್ಣೆಗಳು. ಇದೇ ಗುಣಕ್ಕಾಗಿಯೇ ಇವನ್ನು ಬಣ್ಣ, ವಾರ್ನಿಶ್‌ಗೆ ಬಳಸುತ್ತಾರೆ. ಲ್ಯಾಚಿನೊಳಗೆ ವಾರ್ನಿಶ್ ಬಳಿದರೆ ಏನಾದೀತು, ನೀವೇ ನೋಡಿ.

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಸ್ವಚ್ಛ ಮಾಡೋದು, ಗ್ರೀಸ್ ಕೊನೆಗೆ. ಬೋಲ್ಟ್ ಸಡಿಲಿಸುವ ಕೆಲಸ ಅದಕ್ಕೂ ಕೊನೆಗೆ.

ಎಲ್ಲಿ ಹಿಡಿದಿದೆ ಅನ್ನೋದನ್ನು ಮೊದಲು ಹುಡುಕಿ

ಹಿಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ತೆರೆಯೋದಿಲ್ಲ ಅಂದರೆ ಪಾನಾ ಹುಡುಕಬೇಡಿ. ಬಾಗಿಲಿನ ಅಂಚಿನಲ್ಲಿ ಲ್ಯಾಚಿನ ಹತ್ತಿರ ಮಕ್ಕಳ ಲಾಕ್ ಅಂತ ಒಂದು ಸಣ್ಣ ಗುಂಡಿ ಅಥವಾ ಕೀಲಿಯಿಂದ ತಿರುಗಿಸುವ ಸೀಳು ಇರುತ್ತದೆ. ತೊಳೆಯುವಾಗ ಬಟ್ಟೆ ತಾಗಿ ಅದು ಸರಿದಿರುತ್ತದೆ. ಇದಕ್ಕಾಗಿ ಗ್ಯಾರೇಜಿಗೆ ಬರುವ ಗಾಡಿಗಳೇನು ಕಡಿಮೆ ಇಲ್ಲ.

ಮುಚ್ಚುವಾಗ ಮಾತ್ರ ಬಿಗಿ ಇದ್ದರೆ ಒಂದು ಗಾಜನ್ನು ನಾಲ್ಕು ಬೆರಳು ಇಳಿಸಿ ಮತ್ತೆ ಮುಚ್ಚಿ ನೋಡಿ. ಹಗುರಾಗಿ ಮುಚ್ಚಿಕೊಂಡರೆ ಬಾಗಿಲಿನಲ್ಲಿ ತಪ್ಪಿಲ್ಲ, ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇಲ್ಲ. ಕಾರಿನ ಹಿಂಭಾಗದಲ್ಲಿ, ಬಹಳ ಗಾಡಿಗಳಲ್ಲಿ ಹಿಂದಿನ ಬಂಪರಿನ ಒಳಮಗ್ಗುಲಲ್ಲಿ, ರಬ್ಬರ್ ರೆಕ್ಕೆಗಳಿರುವ ಗಾಳಿಕಿಂಡಿ ಇರುತ್ತದೆ. ಅದು ಧೂಳು ಮೆತ್ತಿ ಅಂಟಿಕೊಂಡಿರುತ್ತದೆ, ಇಲ್ಲವೇ ಡಿಕ್ಕಿಯಲ್ಲಿ ತುಂಬಿದ ಚೀಲಗಳು ಒಳಗಿನಿಂದ ಅದನ್ನು ಮುಚ್ಚಿರುತ್ತವೆ. ಡಿಕ್ಕಿಯ ಪಕ್ಕದ ಹೊದಿಕೆ ಸರಿಸಿ ಮೆತ್ತಗಿನ ಬ್ರಶ್ಶಿನಿಂದ ಒರೆಸಿದರೆ ಮುಗಿಯಿತು.

ಯಾವ ಹೊತ್ತಿಗೆ ಬಿಗಿಯಾಗುತ್ತದೆ ಅನ್ನೋದನ್ನೂ ಗಮನಿಸಿ. ಬೆಳಗ್ಗೆ ಸಲೀಸು, ಮಧ್ಯಾಹ್ನ 3 ಗಂಟೆಗೆ ಬಿಸಿಲಲ್ಲಿ ನಿಂತ ಮೇಲೆ ಎಳೆದರೂ ಬಾರದು ಅಂದರೆ ರಬ್ಬರ್ ಬೀಡಿಂಗ್, ಅಂದರೆ ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯ ಕಡೆ ನೋಡಬೇಕು. ತೊಳೆದ ಮರುದಿನ ಅಥವಾ ಮಳೆ ಬಿಟ್ಟ ಮೇಲೆ ಬಿಗಿಯಾದರೆ ಲ್ಯಾಚ್ ಕಡೆ. ದಿನವಿಡೀ ಒಂದೇ ತರಹ, ಮುಚ್ಚುವಾಗ ಬಾಗಿಲು ತುಸು ಮೇಲೆ ಎದ್ದು ಕೂಡುತ್ತದೆ ಅಂದರೆ ಕಬ್ಜಾ (ಬಾಗಿಲು ತಿರುಗುವ ಕೀಲು) ಕಡೆ.

ಮುಖ್ಯ ಪರೀಕ್ಷೆ ಇನ್ನು ಮುಂದೆ. ಬಾಗಿಲು ಪೂರ್ತಿ ತೆರೆಯಿರಿ. ಅಂಚಿನಲ್ಲಿ ಲ್ಯಾಚಿನ ಬಾಯಿ ಕಾಣುತ್ತದೆ, ಅದರೊಳಗೆ ಕವಲುಕೋಲಿನ ಹಾಗೆ ಎರಡು ಹಲ್ಲಿನ ಒಂದು ತುಂಡು ಇರುತ್ತದೆ. ಇದನ್ನು ಕವಲು ಅಂತ ಕರೆಯೋಣ. ಬಾಗಿಲು ಮುಚ್ಚಿದಾಗ ಬಾಗಿಲಿನ ಪಕ್ಕದಲ್ಲಿರುವ ಗಾಡಿಯ ಕಂಬದ ಮೇಲಿನ ಕಬ್ಬಿಣದ ಕುಣಿಕೆ, ಅಂದರೆ ಸ್ಟ್ರೈಕರ್, ಈ ಬಾಯಿಯೊಳಗೆ ನುಗ್ಗಿ ಕವಲನ್ನು ತಿರುಗಿಸುತ್ತದೆ. ಹಿಂದಿನಿಂದ ಒಂದು ಕೊಕ್ಕೆ ಬಂದು ಕವಲನ್ನು ಹಿಡಿದು ನಿಲ್ಲಿಸುತ್ತದೆ. ಸ್ಕ್ರೂಡ್ರೈವರಿನಿಂದ ಸ್ಟ್ರೈಕರ್ ಬರುವ ದಿಕ್ಕಿನಲ್ಲೇ ಕವಲನ್ನು ತಳ್ಳಿ. ‘ಟಕ್’ ಅಂತ ಒಮ್ಮೆ, ಇನ್ನೂ ತಳ್ಳಿದರೆ ‘ಟಕ್’ ಅಂತ ಇನ್ನೊಮ್ಮೆ ಸದ್ದಾಗಬೇಕು. ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ ಲಾಕ್. ಈಗ ಹೊರಗಿನ ಹ್ಯಾಂಡಲ್ ಎಳೆಯಿರಿ. ಕವಲು ಸ್ಪ್ರಿಂಗಿನ ಬಲದಿಂದ ಪಟ್ ಅಂತ ಹಿಂದಕ್ಕೆ ಬರಬೇಕು.

ಒಂದು ಎಚ್ಚರಿಕೆ: ಕವಲು ಲಾಕ್ ಆಗಿರುವಾಗ ಬಾಗಿಲು ಮುಚ್ಚಲು ಹೋಗಬೇಡಿ. ಹ್ಯಾಂಡಲ್ ಎಳೆದು ಬಿಡಿಸಿಯೇ ಮುಚ್ಚಿ. ಇಲ್ಲದಿದ್ದರೆ ಮುಚ್ಚಿದ ಬಾಯಿಗೆ ಸ್ಟ್ರೈಕರ್ ಗುದ್ದಿ ಎರಡೂ ಸೊಟ್ಟಾಗುತ್ತವೆ. ‘ಬಾಗಿಲು ಕೂಡೋದೇ ಇಲ್ಲ, ಬಡಿದರೆ ವಾಪಸ್ ಬರುತ್ತದೆ’ ಅನ್ನುವ ದೂರಿನಲ್ಲಿ ಬಹಳ ಸಲ ಇದೇ ಕಥೆ: ಯಾರದೋ ಬೆರಳು ತಾಗಿ ಕವಲು ಮೊದಲೇ ಮುಚ್ಚಿಕೊಂಡಿರುತ್ತದೆ, ಮೇಲಿಂದ ಬಾಗಿಲು ಬಡಿಯುತ್ತಲೇ ಇರುತ್ತಾರೆ.

ಕವಲು ನಿಧಾನಕ್ಕೆ ತೆವಳುತ್ತಾ ವಾಪಸ್ ಬಂದರೆ, ಅಥವಾ ಬಾರದೇ ನಿಂತರೆ, ರೋಗ ಲ್ಯಾಚಿನೊಳಗಿದೆ. ಕವಲು ಚುರುಕಾಗಿದ್ದು ಹ್ಯಾಂಡಲ್ ಎಳೆದರೆ ಬಿಡುತ್ತಿಲ್ಲ ಅಂದರೆ ಹ್ಯಾಂಡಲಿನಿಂದ ಲ್ಯಾಚಿಗೆ ಹೋಗುವ ಕೇಬಲ್ ಅಥವಾ ಹ್ಯಾಂಡಲ್. ಎರಡೂ ಸರಿ ಇದ್ದು ಬಾಗಿಲು ಮಾತ್ರ ಬಿಗಿ ಅಂದರೆ ಸ್ಟ್ರೈಕರ್, ಕಬ್ಜಾ, ಬೀಡಿಂಗ್ ಈ ಮೂರರಲ್ಲಿ ಒಂದು. ನಮ್ಮ ಜಿಲ್ಲೆಗಳ ಧೂಳಿನಲ್ಲಿ ಓಡುವ ಗಾಡಿಗಳಿಗೆ ಲ್ಯಾಚಿನ ರೋಗವೇ ಹೆಚ್ಚು.

ಲ್ಯಾಚ್ ತೊಳೆಯುವ ಕೆಲಸ

ಬೇಕಾದದ್ದು ಇಷ್ಟು: ಹಳೆಯ ಹಲ್ಲುಜ್ಜುವ ಬ್ರಶ್ 2, ಅರ್ಧ ಇಂಚಿನ ಪೇಂಟ್ ಬ್ರಶ್ 1, ಉದ್ದ ನಳಿಗೆಯ ಡಬ್ಲ್ಯೂಡಿ-40 ಅಥವಾ ಅಂಥದೇ ತುಕ್ಕು ಬಿಡಿಸುವ ಸ್ಪ್ರೇ, ಅದಿಲ್ಲದಿದ್ದರೆ 50 ಮಿಲಿ ಡೀಸೆಲ್, ಬಿಳಿ ಹತ್ತಿ ಬಟ್ಟೆ (ಹಳೆಯ ಬನಿಯನ್ ಆದರೆ ಒಳ್ಳೆಯದು), ಮಾಸ್ಕಿಂಗ್ ಟೇಪ್, ಬಿಳಿ ಲಿಥಿಯಂ ಗ್ರೀಸ್. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಬಾಗಿಲ ಕೆಳಗೆ ಹಳೆಯ ಪೇಪರ್ ಹಾಸಿ. ಬೀಡಿ, ದೀಪ ದೂರ ಇರಲಿ.

ಮೊದಲು ಒಣಗಿದ್ದಾಗಲೇ ಧೂಳು ತೆಗೆಯಬೇಕು. ಇದನ್ನು ಬಿಟ್ಟು ನೇರ ಸ್ಪ್ರೇ ಹೊಡೆಯುವವರೇ ಹೆಚ್ಚು. ಆಗ ಹೊರಗಿನ ಧೂಳೂ ಒಳಗೆ ಹರಿದು ಹೋಗುತ್ತದೆ. ಪೇಂಟ್ ಬ್ರಶ್ಶಿನಿಂದ ಬಾಯಿಯನ್ನು ಕೆಡವಿ, ಸೈಕಲ್ ಪಂಪಿನಿಂದ ನಾಲ್ಕೈದು ಸಲ ಗಾಳಿ ಊದಿ. ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಸಿದರೆ ಇನ್ನೂ ಚೆಂದ, ಕಣ್ಣಿಗೆ ಕನ್ನಡಕ ಇರಲಿ.

ಬಾಯಿಯ ಸುತ್ತ ಬಣ್ಣದ ಮೇಲೆ ಟೇಪ್ ಅಂಟಿಸಿ. ನಳಿಗೆಯನ್ನು ಒಳಗಿಟ್ಟು 2–3 ಸಲ, ಒಂದೊಂದು ಸೆಕೆಂಡಿನಷ್ಟು ಸ್ಪ್ರೇ ಮಾಡಿ. ವೈರ್ ಒಳಗೆ ಹೋಗುವ ಕಡೆಗೆ ಹೊಡೆಯಬೇಡಿ. ಈಗಿನ ಬಹಳ ಗಾಡಿಗಳಲ್ಲಿ ಬಾಗಿಲು ತೆರೆದಿದೆ ಎಂದು ದೀಪ ತೋರಿಸುವ ಸ್ವಿಚ್ ಲ್ಯಾಚಿನೊಳಗೇ ಇರುತ್ತದೆ. 10 ನಿಮಿಷ ಬಿಡಿ. ಆಮೇಲೆ ಹಲ್ಲಿನ ಬ್ರಶ್ಶಿನಿಂದ ಉಜ್ಜುತ್ತ, ಸ್ಕ್ರೂಡ್ರೈವರಿನಿಂದ ಕವಲನ್ನು ಒಳಗೆ ತಳ್ಳಿ ಹ್ಯಾಂಡಲಿನಿಂದ ಬಿಡಿಸುತ್ತ, 10–15 ಸಲ ಆಡಿಸಿ. ಕರಿ ನೀರು ಇಳಿಯುತ್ತದೆ. ಒರೆಸಿ, ಮತ್ತೆ ಸ್ಪ್ರೇ, ಮತ್ತೆ ಆಡಿಸಿ. ಬಿಳಿ ಬಟ್ಟೆಗೆ ಕರಿ ಹತ್ತುವುದು ನಿಲ್ಲುವ ತನಕ ಇದನ್ನೇ ಮಾಡಬೇಕು. ಎರಡು ಮೂರು ಸುತ್ತು ಸಾಕಾಗುತ್ತದೆ, ಕಲ್ಲುಗಣಿ ರಸ್ತೆಯಲ್ಲಿ ಓಡುವ ಗಾಡಿಗೆ ಐದು ಸುತ್ತು.

ಪೆಟ್ರೋಲ್, ಥಿನ್ನರ್ ಬೇಡ. ಕವಲಿನ ಮೇಲೆ ಸದ್ದು ಕಡಿಮೆ ಮಾಡಲು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಥಿನ್ನರ್ ಅದನ್ನು ಮೆತ್ತಗೆ ಮಾಡುತ್ತದೆ, ಬಾಗಿಲಿನ ಬಣ್ಣವನ್ನೂ ತಿನ್ನುತ್ತದೆ. ಬಿಳಿ ಉಪ್ಪಿನ ಹಾಗೆ ಕಟ್ಟಿಕೊಂಡಿದ್ದರೆ ಅದು ಬೋರ್‌ವೆಲ್ಲಿನ ಗಡಸು ನೀರಿನ ಗುರುತು. ಅದಕ್ಕೆ ನಿಂಬೆಹಣ್ಣು, ವಿನೆಗರ್ ಹಚ್ಚುವ ಆಸೆ ಆಗುತ್ತದೆ. ಹುಳಿ ಗಡಸು ಪದರವನ್ನು ಕರಗಿಸುತ್ತದೆ ನಿಜ, ಜೊತೆಗೆ ಲೋಹದ ಮೇಲಿನ ತೆಳು ಲೇಪವನ್ನೂ ಕರಗಿಸಿ ಮುಂದಿನ ಮಳೆಗಾಲಕ್ಕೆ ತುಕ್ಕು ತರುತ್ತದೆ. ಮರದ ಕಡ್ಡಿಯಿಂದ ಕೆರೆದರೆ ಸಾಕು.

ಅರ್ಧ ಗಂಟೆ ಆರಲು ಬಿಡಿ. ಈಗ ಗ್ರೀಸ್. ಸ್ಪ್ರೇ ಗ್ರೀಸ್ ಆದರೆ ಒಂದು ಸೆಕೆಂಡಿನಂತೆ ಎರಡು ಸಲ. ಟ್ಯೂಬಿನದಾದರೆ ಎರಡು ತೊಗರಿ ಕಾಳಿನಷ್ಟು, ಸಣ್ಣ ಕಡ್ಡಿಯಿಂದ ಕವಲು ತಿರುಗುವ ಪಿನ್ನಿಗೆ ಒಂದು, ಕೊಕ್ಕೆ ತಾಗುವ ಜಾಗಕ್ಕೆ ಒಂದು. ಹತ್ತು ಸಲ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಸ್ಟ್ರೈಕರಿಗೆ ಬೆರಳಿನಿಂದ ಹೊಳಪು ಬರುವಷ್ಟು ಸವರಿದರೆ ಆಯಿತು. ಹೆಚ್ಚು ಹಚ್ಚಿದರೆ ಧೂಳಿಗೆ ಊಟ ಹಾಕಿದಂತೆ, ಸೀರೆಯ ಸೆರಗಿಗೂ ಬಿಳಿ ಪಂಚೆಗೂ ಹತ್ತುತ್ತದೆ. ಚಾಸಿಸ್‌ಗೆ ಹೊಡೆಯುವ ದಪ್ಪ ಗ್ರೀಸ್ ಇಲ್ಲಿಗೆ ಬೇಡ. ಇನ್ನು ಡಬ್ಲ್ಯೂಡಿ-40 ಹೊಡೆದು ಅಲ್ಲಿಗೇ ಬಿಡುವ ಪದ್ಧತಿ ಬಹಳ ಇದೆ. ಅದು ತೊಳೆಯಲು ಒಳ್ಳೆಯದು, ಆದರೆ ತೆಳುವಾದದ್ದು, ಈ ಬಿಸಿಲಿಗೆ ಬಹಳ ದಿನ ನಿಲ್ಲೋದಿಲ್ಲ.

ಕೀಲಿ ಹಾಕುವ ತೂತಿಗೆ ಗ್ರೀಸೂ ಬೇಡ, ಎಣ್ಣೆಯೂ ಬೇಡ. ಗ್ರಾಫೈಟ್ ಪುಡಿಯನ್ನು ಒಂದು ಚಿಟಿಕೆ ಊದಿ, ಕೀಲಿಯನ್ನು ಐದಾರು ಸಲ ಹಾಕಿ ತೆಗೆಯಿರಿ.

ತೊಳೆದ ಮೇಲೂ ಕವಲು ತೆವಳುತ್ತಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಕೊಕ್ಕೆಯ ತುದಿ ಸವೆದಿದೆ. ಆಗ ಲ್ಯಾಚ್ ಪೂರ್ತಿ ಬದಲಿಸಬೇಕು. ಕೊಕ್ಕೆಗೆ ಅರ ಹಾಕಿ ‘ಸಲೀಸು’ ಮಾಡುವವರಿದ್ದಾರೆ. ಆ ಬಾಗಿಲು ಸಲೀಸಾಗೇನೋ ತೆರೆಯುತ್ತದೆ, 80ರ ವೇಗದಲ್ಲಿ ಹುಮನಾಬಾದ್ ರಸ್ತೆಯಲ್ಲೂ ತೆರೆಯಬಹುದು. ಇದೊಂದು ಕೆಲಸ ಯಾರಿಂದಲೂ ಮಾಡಿಸಬೇಡಿ.

ವಾಟರ್ ಸರ್ವಿಸಿಗೆ ಕೊಟ್ಟಾಗ ಲ್ಯಾಚಿನ ಬಾಯಿಗೆ ನೀರಿನ ಧಾರೆ ಹಿಡಿಯಬೇಡಿ ಅಂತ ಹೇಳಿ. ಹಾಕಿದ ಗ್ರೀಸ್ ಪೂರ್ತಿ ಒಂದೇ ಸಲಕ್ಕೆ ಹೋಗುತ್ತದೆ.

ಬೀಡಿಂಗ್ ಅಂಟಿದಾಗ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42–44 ಡಿಗ್ರಿ ಇರುವಾಗ ಬಿಸಿಲಲ್ಲಿ ನಿಂತ ಕಪ್ಪು ಕಾರಿನ ತಗಡು 60 ಡಿಗ್ರಿ ದಾಟುತ್ತದೆ. ಬೀಡಿಂಗ್ ಮೆತ್ತಗಾಗಿ ಬಣ್ಣಕ್ಕೆ ಅಂಟುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಇದು ಗ್ಯಾರಂಟಿ. ಹ್ಯಾಂಡಲ್ ಹಿಡಿದು ಜಗ್ಗಿದರೆ ಪ್ಲಾಸ್ಟಿಕ್ ಹ್ಯಾಂಡಲ್ ಮುರಿಯುತ್ತದೆ, ಇಲ್ಲವೇ ಬೀಡಿಂಗ್ ಕಿತ್ತು ಬರುತ್ತದೆ. ಒಬ್ಬರು ಹ್ಯಾಂಡಲ್ ಎಳೆದು ಹಿಡಿಯಲಿ, ಇನ್ನೊಬ್ಬರು ಮೇಲಿನ ಮೂಲೆಯಿಂದ ಹಳೆಯ ಎಟಿಎಂ ಕಾರ್ಡನ್ನು ಸಂದಿಯಲ್ಲಿ ತೂರಿಸಿ ಮೆಲ್ಲಗೆ ಕೆಳಗೆ ಎಳೆಯುತ್ತ ಬರಲಿ.

ತೆರೆದ ಮೇಲೆ 1 ಲೀಟರ್ ನೀರಿಗೆ ಒಂದು ಚಮಚ ಶಾಂಪೂ ಹಾಕಿ, ಬೀಡಿಂಗನ್ನೂ ಅದು ಕೂಡುವ ತಗಡನ್ನೂ ತೊಳೆಯಿರಿ. ತಗಡಿನ ಮೇಲೆ ಹಳೆಯ ಪಾಲಿಶ್, ಡಾಂಬರಿನ ಕಲೆ ಇದ್ದರೆ ರಬ್ಬರ್ ಮತ್ತೆ ಅಲ್ಲೇ ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇಯನ್ನು ಸ್ಪಂಜಿಗೆ ತಗೊಂಡು ತೆಳ್ಳಗೆ ಸವರಿ. ನೇರ ಗಾಡಿಗೆ ಸ್ಪ್ರೇ ಮಾಡಿದರೆ ಗಾಜಿಗೆ ಹಾರಿ ಮಳೆಯಲ್ಲಿ ಮಸುಕು ಮಸುಕಾಗುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಡೀಸೆಲ್ ಯಾವುದೂ ಬೀಡಿಂಗಿಗೆ ತಾಗಬಾರದು. ಬಾಗಿಲಿನ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಜಾತಿಯದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬುತ್ತದೆ. ಉಬ್ಬಿದ ಬೀಡಿಂಗ್ ಬಾಗಿಲನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಇತ್ತೀಚೆಗೆ ಬೀಡಿಂಗ್ ಬದಲಿಸಿದ್ದೀರಾ? ಕಂಪನಿಯದಲ್ಲದ ದಪ್ಪ ಬೀಡಿಂಗ್ ಹಾಕಿದ್ದರೆ ಬಾಗಿಲು ಬಡಿದೇ ಮುಚ್ಚಬೇಕಾಗುತ್ತದೆ. ಶಾಲೆಯ ಸೀಮೆಸುಣ್ಣವನ್ನು ಬೀಡಿಂಗಿನ ಉದ್ದಕ್ಕೂ ಉಜ್ಜಿ ಬಾಗಿಲು ಮುಚ್ಚಿ ತೆರೆಯಿರಿ. ತಗಡಿನ ಮೇಲೆ ಬಿದ್ದ ಗೆರೆ ಎಲ್ಲಿ ಅಗಲವಾಗಿದೆಯೋ ಅಲ್ಲಿ ಒತ್ತಡ ಹೆಚ್ಚು. ಮೂಲೆಯಲ್ಲಿ ಮಡಚಿ ಕೂತಿದ್ದರೆ ಎಳೆದು ಮತ್ತೆ ಅಂಗೈಯಿಂದ ಒತ್ತಿ ಕೂಡಿಸಿ. ಒಳ್ಳೆಯ ಹೊಸ ಬೀಡಿಂಗ್ ಕೂಡ ಕೆಲವು ವಾರ ಬಿಗಿ ಇರುತ್ತದೆ, ಅದಕ್ಕಾಗಿ ಸ್ಟ್ರೈಕರ್ ಸರಿಸಲು ಹೋಗಬೇಡಿ.

ಸ್ಟ್ರೈಕರ್ ಸರಿಸುವುದು

ಲ್ಯಾಚ್ ಸ್ವಚ್ಛ, ಬೀಡಿಂಗ್ ಸರಿ, ಆದರೂ ಬಿಗಿ. ಆಗ ಮಾತ್ರ ಇಲ್ಲಿಗೆ ಬನ್ನಿ.

ವಿಭೂತಿಯನ್ನು ಒಂದೆರಡು ಹನಿ ನೀರಲ್ಲಿ ಕಲಸಿ ಸ್ಟ್ರೈಕರಿಗೆ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಉಜ್ಜಿ ಹೋದ ಗುರುತು ಕುಣಿಕೆಯ ನಡುವೆ ಇರಬೇಕು. ಮೇಲಂಚಿಗೋ ಕೆಳಂಚಿಗೋ ಇದ್ದರೆ ಸ್ಟ್ರೈಕರ್ ಮತ್ತು ಲ್ಯಾಚ್ ಒಂದೇ ಮಟ್ಟದಲ್ಲಿಲ್ಲ. ಆದರೆ ತಪ್ಪು ಸ್ಟ್ರೈಕರಿನದೇ ಅಂತ ಆಗಲೇ ತೀರ್ಮಾನಿಸಬೇಡಿ. ಬಾಗಿಲು ಕೆಳಗೆ ಜೋತಿದ್ದರೆ ಗುರುತು ಹೀಗೇ ಬೀಳುತ್ತದೆ. ಜೋತ ಬಾಗಿಲಿಗೆ ಹೊಂದುವಂತೆ ಸ್ಟ್ರೈಕರ್ ಇಳಿಸಿದರೆ ಆರು ತಿಂಗಳಿಗೆ ಅದನ್ನು ಮತ್ತೆ ಇಳಿಸಬೇಕಾಗುತ್ತದೆ. ಹಾಗಾಗಿ ಮುಂದೆ ಬರೆದಿರುವ ಕಬ್ಜಾ ಪರೀಕ್ಷೆ ಮುಗಿಸಿಯೇ ಸ್ಟ್ರೈಕರಿಗೆ ಕೈ ಹಾಕಿ.

ಸ್ಟ್ರೈಕರನ್ನು ಎರಡು ಸ್ಕ್ರೂ ಹಿಡಿದಿರುತ್ತವೆ. ಕೆಲವು ಗಾಡಿಗಳಲ್ಲಿ ದೊಡ್ಡ ಪ್ಲಸ್ ತಲೆ, ಇನ್ನು ಕೆಲವಲ್ಲಿ ನಕ್ಷತ್ರದಾಕಾರದ ಟಾರ್ಕ್ಸ್, ಹೆಚ್ಚಾಗಿ ಟಿ40. ಪ್ಲಸ್ ತಲೆಗೆ 3 ನಂಬರಿನ ದಪ್ಪ ಸ್ಕ್ರೂಡ್ರೈವರ್ ಬಿಟ್ಟೇ ಬೇಕು. ಮನೆಯಲ್ಲಿರುವ 2 ನಂಬರಿನದನ್ನು ಹಾಕಿದರೆ ತಲೆ ಕೆಡುತ್ತದೆ. ಕೆಟ್ಟ ತಲೆಯ ಸ್ಕ್ರೂ ತೆಗೆಯೋದು ಈ ಲೇಖನದ ಎಲ್ಲ ಕೆಲಸಕ್ಕಿಂತ ದೊಡ್ಡ ಕೆಲಸ. ಬಿಟ್ಟನ್ನು ತಲೆಗೆ ಇಟ್ಟು ಸುತ್ತಿಗೆಯಿಂದ ಒಂದೆರಡು ಸಲ ಹಗುರಾಗಿ ಬಡಿದರೆ ಹಿಡಿತ ಸಡಿಲಾಗುತ್ತದೆ. ಇಂಪ್ಯಾಕ್ಟ್ ಡ್ರೈವರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಸ್ಟ್ರೈಕರಿನ ತಗಡಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಅದೇ ನಿಮ್ಮ ವಾಪಸ್ ದಾರಿ. ಎರಡೂ ಸ್ಕ್ರೂ ಅರ್ಧ ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ: ಕೆಲವು ಗಾಡಿಗಳಲ್ಲಿ ಕಂಬದೊಳಗಿನ ನಟ್ಟಿನ ತಗಡು ಅದೇ ಸ್ಕ್ರೂಗಳ ಮೇಲೆ ನಿಂತಿರುತ್ತದೆ, ಎರಡೂ ಬಂದರೆ ಅದು ಕಂಬದೊಳಗೆ ಬೀಳುತ್ತದೆ. ರಬ್ಬರ್ ಸುತ್ತಿಗೆಯಿಂದ ತಟ್ಟಿ 1 ಮಿಲಿಮೀಟರ್ ಸರಿಸಿ. ಬಾಗಿಲು ಬಡಿದೇ ಮುಚ್ಚಬೇಕು ಅಂದರೆ ಹೊರಕ್ಕೆ. ಮುಚ್ಚಿದ ಮೇಲೂ ಗಡಗಡ ಅನ್ನುತ್ತದೆ, ಗಾಳಿ ಶಿಳ್ಳೆ ಹೊಡೆಯುತ್ತದೆ ಅಂದರೆ ಒಳಕ್ಕೆ. 1 ಮಿಲಿಮೀಟರಿಗಿಂತ ಹೆಚ್ಚು ಒಂದೇ ಸಲ ಬೇಡ.

ಸ್ಕ್ರೂ ಬಿಗಿ ಮಾಡಿ, ಮೊದಲ ಸಲ ಮುಚ್ಚುವಾಗ ಗಾಜು ಇಳಿಸಿರಲಿ, ಹೊರಗಿನ ಹ್ಯಾಂಡಲನ್ನು ಎಳೆದೇ ಹಿಡಿದಿರಿ. ಆಗ ಕೊಕ್ಕೆ ಹಿಡಿಯೋದಿಲ್ಲ, ಸ್ಟ್ರೈಕರ್ ಬಾಯಿಯೊಳಗೆ ನೇರ ಹೋಗುತ್ತದೋ ಇಲ್ಲವೋ ಅನ್ನೋದು ಕೈಗೆ ತಿಳಿಯುತ್ತದೆ. ಸರಿ ಅನಿಸಿದ ಮೇಲೆ ಹ್ಯಾಂಡಲ್ ಬಿಟ್ಟು ಮುಚ್ಚಿ. ಎರಡು ‘ಟಕ್’ ಕೇಳಬೇಕು. ಒಂದೇ ಕೇಳಿದರೆ ಬಾಗಿಲು ಅರ್ಧ ಲಾಕಿನಲ್ಲಿದೆ, ರಸ್ತೆಗೆ ತೆಗೆಯಬೇಡಿ. ಕೊನೆಯ ಬಿಗಿಗೆ ಟಾರ್ಕ್ ಪಾನಾ (ಬಿಗಿ ಅಳೆಯುವ ಪಾನಾ) ಇದ್ದರೆ ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಸ್ಕ್ರೂಗೆ ಸುಮಾರು 20–25 ನ್ಯೂಟನ್ ಮೀಟರ್. ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. 15 ದಿನ ಬಿಟ್ಟು ಮಾರ್ಕರ್ ಗೆರೆ ನೋಡಿ, ಸರಿದಿದ್ದರೆ ಸ್ಕ್ರೂ ಸಡಿಲಾಗಿದೆ.

ಕಬ್ಜಾ ಮತ್ತು ಜೋತ ಬಾಗಿಲು

ಬಾಗಿಲನ್ನು ಅರ್ಧ ತೆರೆದು, ಹಿಂದಿನ ತುದಿಯ ಕೆಳಗೆ ಎರಡೂ ಕೈ ಕೊಟ್ಟು ಮೇಲಕ್ಕೆ ಎತ್ತಿ. ಕಬ್ಜಾದ ಹತ್ತಿರ ಯಾರಾದರೂ ಕಣ್ಣಿಟ್ಟಿರಲಿ. 2–3 ಮಿಲಿಮೀಟರ್ ಆಡಿ ‘ಟಕ್’ ಅಂದರೆ ಸವೆತ ಇದೆ. ಕಬ್ಜಾದ ಎರಡು ಎಲೆಗಳ ನಡುವೆ ಆಡಿದರೆ ಪಿನ್ನು, ಬುಶ್ಶು ಹೋಗಿದೆ. ಎಲೆ ಮತ್ತು ತಗಡಿನ ನಡುವೆ ಆಡಿದರೆ ಬೋಲ್ಟ್ ಸಡಿಲ. ಬೋಲ್ಟಿನ ತಲೆಯ ಸುತ್ತ ಬಣ್ಣ ಬಿರುಕು ಬಿಟ್ಟಿದ್ದರೆ ಅದು ಸರಿದಿದೆ ಅಂತಲೇ.

ಸಂದಿ ಅಳೆಯಲು ಗೇಜ್ ಬೇಡ, ಹಳೆಯ ಎಟಿಎಂ ಕಾರ್ಡುಗಳು ಸಾಕು. ಒಂದು ಕಾರ್ಡು 0.76 ಮಿಲಿಮೀಟರ್ ದಪ್ಪ, ಐದು ಸೇರಿಸಿದರೆ 3.8. ಬಾಗಿಲು ಮುಚ್ಚಿ ಮೇಲೆ, ನಡುವೆ, ಕೆಳಗೆ ಎಷ್ಟು ಕಾರ್ಡು ಹೋಗುತ್ತವೆ ನೋಡಿ, ಪಕ್ಕದ ಸರಿಯಾದ ಬಾಗಿಲಿನ ಜೊತೆ ಹೋಲಿಸಿ. ಎರಡು ಕಾರ್ಡಿನಷ್ಟು ವ್ಯತ್ಯಾಸ ಇದ್ದರೆ ಬಾಗಿಲು ಜೋತಿದೆ.

ಬೋಲ್ಟ್ ಮಾತ್ರ ಸಡಿಲಾಗಿದ್ದರೆ ಮನೆಯಲ್ಲೇ ಆಗುವ ಕೆಲಸ. ಬಾಗಿಲಿನ ಹಿಂದಿನ ತುದಿಯ ಕೆಳಗೆ ಜಾಕ್, ಅದರ ಮೇಲೆ ಮರದ ಹಲಗೆ, ಅದರ ಮೇಲೆ ನಾಲ್ಕು ಪದರ ಗೋಣಿಚೀಲ. ಇನ್ನೊಬ್ಬರು ಬಾಗಿಲನ್ನು ಹಿಡಿದೇ ಇರಬೇಕು. ಕಬ್ಜಾದ ಸುತ್ತ ಗುರುತು ಹಾಕಿ, 12 ಅಥವಾ 13 ನಂಬರ್ ಪಾನಾದಿಂದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಜಾಕನ್ನು ಕೂದಲೆಳೆಯಷ್ಟು ಎತ್ತಿ, 1–2 ಮಿಲಿಮೀಟರ್ ಮೇಲೆ ಬಂದಾಗ ಬಿಗಿ ಮಾಡಿ. ಜಾಕ್ ಇಳಿಸಿ, ಮುಚ್ಚಿ ನೋಡಿ.

ಪಿನ್ನು ಸವೆದಿದ್ದರೆ ಡೆಂಟಿಂಗ್ ಅಂಗಡಿಗೆ ಒಯ್ಯಿರಿ. ಅಲ್ಲಿ ಕಬ್ಜಾದ ಸಂದಿಗೆ ಮರದ ತುಂಡು ಇಟ್ಟು ಬಾಗಿಲನ್ನು ಒತ್ತಿ ‘ಒಂದೇ ನಿಮಿಷದಲ್ಲಿ’ ಎತ್ತಿಕೊಡುವ ಹಳೆಯ ಕೈಚಳಕ ಇದೆ. ಕೆಲಸ ಆಗುತ್ತದೆ, ಆದರೆ ಬಾಗುವುದು ಕಬ್ಜಾನೋ ಕಂಬದ ತಗಡೋ ಅನ್ನುವುದು ಮರದ ತುಂಡಿಗೆ ಗೊತ್ತಿಲ್ಲ. ಪಿನ್ನು ಬದಲಿಸಿಯೇ ಕೊಡಿ ಅಂತ ಕೇಳಿ. ಅಪಘಾತವಾದ ಗಾಡಿಯಲ್ಲಿ ಸಂದಿ ತಪ್ಪಿದ್ದರೆ ಮನೆಯಲ್ಲಿ ಏನೂ ಮಾಡಬೇಡಿ.

ಎರಡು ಕಬ್ಜಾದ ನಡುವೆ ಬಾಗಿಲನ್ನು ತಡೆದು ನಿಲ್ಲಿಸುವ ಪಟ್ಟಿ ಇರುತ್ತದೆ. ತೆರೆಯುವಾಗ ಹೆಜ್ಜೆ ಹೆಜ್ಜೆಗೆ ಕಟಕಟ ಅಂದರೆ ಅದನ್ನು ಒರೆಸಿ ಒಂದು ತೊಗರಿ ಕಾಳಿನಷ್ಟು ಗ್ರೀಸ್ ಹಚ್ಚಿ, ಅಷ್ಟೇ.

ಬಾಗಿಲಿನ ಒಳಗೆ

ಹ್ಯಾಂಡಲ್ ಸಡಿಲಾಗಿ ಜೋತಾಡುತ್ತದೆ, ಅಥವಾ ಪೂರ್ತಿ ಎಳೆದರೆ ಮಾತ್ರ ಕೊನೆಗೆ ಬಿಡುತ್ತದೆ ಅಂದರೆ ಒಳಗಿನ ಪ್ಯಾನೆಲ್ ತೆಗೆಯಬೇಕು. ಕೆಲಸ ಬೆಳಗ್ಗೆ ತಂಪಿನಲ್ಲಿ ಮಾಡಿ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಕರಿ ಅಂಟಿನಿಂದ ಕೂತಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದು ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಎಲ್ಲ ಕಡೆ ಹತ್ತುತ್ತದೆ.

ಬಾಗಿಲಿನೊಳಗೆ ಪಕ್ಕದ ಏರ್‌ಬ್ಯಾಗಿನ ಸೆನ್ಸರ್ ಇರುವ ಗಾಡಿಯಾದರೆ ಬ್ಯಾಟರಿಯ ನೆಗೆಟಿವ್ ಕಳಚಿ 10 ನಿಮಿಷ ಬಿಟ್ಟು ಶುರು ಮಾಡಿ, ಸೆನ್ಸರಿನ ವೈರ್ ಬಿಚ್ಚಿದಾಗ ಇಗ್ನಿಶನ್ ಹಾಕಬೇಡಿ. ಸ್ಕ್ರೂಗಳು ಒಳಹ್ಯಾಂಡಲಿನ ಬಟ್ಟಲಿನ ಹಿಂದೆ, ಕೈ ಇಡುವ ಹಿಡಿಯ ತಳದಲ್ಲಿ ಮುಚ್ಚಳದ ಕೆಳಗೆ ಅಡಗಿರುತ್ತವೆ. ಅವು ಬಂದ ಮೇಲೆ ಕೆಳಗಿನ ಅಂಚಿನಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಗೆ ಪ್ಯಾನೆಲನ್ನು ಮೇಲಕ್ಕೆ ಎತ್ತಿ. ಬಿಸಿಲಿಗೆ ಬೆಂದ ಕ್ಲಿಪ್ಪು ನಾಲ್ಕಾದರೂ ಮುರಿಯುತ್ತವೆ, ಮೊದಲೇ ಆರು ತಂದಿಟ್ಟುಕೊಳ್ಳಿ. ಒಳಗಿನ ತಗಡಿನ ಅಂಚು ಬ್ಲೇಡಿನಂತೆ ಇರುತ್ತದೆ, ಕೈಗವಸು ಹಾಕಿ.

ಒಬ್ಬರು ಹ್ಯಾಂಡಲ್ ಎಳೆಯಲಿ, ನೀವು ಟಾರ್ಚ್ ಹಿಡಿದು ನೋಡಿ. ಹ್ಯಾಂಡಲಿನಿಂದ ಲ್ಯಾಚಿಗೆ ಹೋಗುವ ಸಲಾಕೆಯನ್ನು ಹಿಡಿದ ಪ್ಲಾಸ್ಟಿಕ್ ಕ್ಲಿಪ್ ಬಿರುಕು ಬಿಟ್ಟಿದೆಯೇ? ಅದನ್ನು ಎಳೆಯಬಾರದು, ತಿರುಗಿಸಿ ಬಿಡಿಸಬೇಕು. ಕೇಬಲ್ ಆದರೆ ಹೊರಕವಚ ಒಡೆದಿದೆಯೇ, ಒಳತಂತಿ 2–3 ಮಿಲಿಮೀಟರಿಗಿಂತ ಹೆಚ್ಚು ಸಡಿಲವೇ ನೋಡಿ. ತುಕ್ಕು ಹಿಡಿದ ಕೇಬಲಿಗೆ ಎಣ್ಣೆ ಇಳಿಸುವುದು ದಂಡ, ಹೊಸದನ್ನು ಹಾಕಿ. ಹೊರಗಿನ ಹ್ಯಾಂಡಲಿನ ಸ್ಪ್ರಿಂಗ್ ಕೆಟ್ಟು ಅದು ಪೂರ್ತಿ ವಾಪಸ್ ಕೂಡದಿದ್ದರೆ ಕೊಕ್ಕೆ ಅರ್ಧ ಎಳೆದೇ ಇರುತ್ತದೆ, ಬಾಗಿಲು ಎಷ್ಟು ಬಡಿದರೂ ಲಾಕ್ ಆಗೋದಿಲ್ಲ. ವಾಪಸ್ ಜೋಡಿಸುವಾಗ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಒತ್ತಿ ಅಂಟಿಸಿ; ಹರಿದು ಬಿಸಾಕಿದರೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗುತ್ತದೆ.

ಪ್ಯಾನೆಲ್ ತೆಗೆಯದೆಯೂ ಮಾಡಬೇಕಾದ ಒಂದು ಕೆಲಸ: ಬಾಗಿಲಿನ ಕೆಳಂಚಿನಲ್ಲಿ ನೀರು ಹೋಗುವ 2–4 ಸೀಳುಗಳಿರುತ್ತವೆ. ಎರೆ ಮಣ್ಣು ಅಲ್ಲಿ ಒಣಗಿ ಮುಚ್ಚಿಕೊಂಡರೆ ಬಾಗಿಲೊಳಗೆ ನೀರು ನಿಂತು ಕೆಳಗಿನಿಂದ ತುಕ್ಕು ಶುರುವಾಗುತ್ತದೆ, ತುಕ್ಕಿಗೆ ಉಬ್ಬಿದ ಅಂಚು ಹೊಸ್ತಿಲಿಗೆ ಉಜ್ಜುತ್ತದೆ. ಕಸಬರಿಗೆ ಕಡ್ಡಿಯಿಂದ ಬಿಡಿಸಿ, ತಂತಿಯಿಂದಲ್ಲ. ಗಾಜಿನ ಸಂದಿಯಲ್ಲಿ ಅರ್ಧ ಲೀಟರ್ ನೀರು ನಿಧಾನ ಬಿಟ್ಟರೆ ಕೂಡಲೇ ಕೆಳಗೆ ತೊಟ್ಟಿಕ್ಕಬೇಕು.

ಮುಚ್ಚಿದ ಬಾಗಿಲು ತೆರೆಯದೇ ಹೋದರೆ

ಒಳಗಿನ ಹ್ಯಾಂಡಲ್, ಹೊರಗಿನ ಹ್ಯಾಂಡಲ್ ಎರಡನ್ನೂ ನೋಡಿ. ಒಂದರಿಂದ ತೆರೆದರೆ ಇನ್ನೊಂದರ ಕೇಬಲ್ ಹೋಗಿದೆ. ಎರಡೂ ಆಗದಿದ್ದರೆ ಒಬ್ಬರು ಲ್ಯಾಚಿನ ಹತ್ತಿರ ಬಾಗಿಲನ್ನು ಸೊಂಟದಿಂದ ಒಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್ ಎಳೆಯಲಿ. ಬೀಡಿಂಗಿನ ಒತ್ತಡ ಕವಲಿನ ಮೇಲಿಂದ ಇಳಿದಾಗ ಕೊಕ್ಕೆ ಸಡಿಲಾಗುತ್ತದೆ. ಅದೇ ಹೊತ್ತಿಗೆ ರಿಮೋಟಿನಿಂದ ಲಾಕ್, ಅನ್‌ಲಾಕ್ ನಾಲ್ಕೈದು ಸಲ ಒತ್ತಿ. ಬ್ಯಾಟರಿ ಸೋತಿದ್ದರೆ ಲಾಕಿನ ಮೋಟರ್ ಪೂರ್ತಿ ತಿರುಗಿರುವುದಿಲ್ಲ. ಆಗಲಿಲ್ಲವೇ, ಲ್ಯಾಚಿನ ಎತ್ತರಕ್ಕೆ ಸಂದಿಯೊಳಗೆ ನಳಿಗೆಯಿಂದ ಸ್ಪ್ರೇ ಹೊಡೆದು 15 ನಿಮಿಷ ಬಿಡಿ, ಅಂಗೈಯಿಂದ ಆ ಜಾಗದ ಸುತ್ತ ಹತ್ತು ಹನ್ನೆರಡು ಸಲ ತಟ್ಟಿ, ಮತ್ತೆ ಒತ್ತಿ ಎಳೆಯಿರಿ. ಕಬ್ಬಿಣದ ಹಾರೆ ತೂರಿಸಿ ಮೀಟಬೇಡಿ. ಕಂಬದ ಅಂಚು ಬಾಗಿದರೆ ಬಾಗಿಲು ತೆರೆದೀತು, ಆದರೆ ಮಳೆ ಒಳಗೆ ಬರುತ್ತದೆ.

ಓಮ್ನಿ, ಈಕೋದ ಜಾರುಬಾಗಿಲು

1984ರಿಂದ 2019ರವರೆಗೆ ಬಂದ ಓಮ್ನಿ, 2010ರಿಂದ ಓಡುತ್ತಿರುವ ಈಕೋ, ಈ ಮಾರುತಿ ವ್ಯಾನುಗಳ ಜಾರುಬಾಗಿಲಿನ ಲೆಕ್ಕ ಬೇರೆ. ಇಲ್ಲಿ ಬಾಗಿಲು ಮೇಲೆ, ನಡುವೆ, ಕೆಳಗೆ ಉರುಳೆಗಳ ಮೇಲೆ ನಿಂತಿದೆ. ಬಿಗಿ ಹಿಡಿಯುವುದು ಹೆಚ್ಚಾಗಿ ಕೆಳಗಿನ ಹಳಿ: ಹತ್ತುವವರ ಚಪ್ಪಲಿಯ ಮಣ್ಣು, ಜೋಳ, ಕಡಲೆ ಕಾಳು ಎಲ್ಲ ಅಲ್ಲಿ ಸೇರುತ್ತದೆ. ಹಳಿಯನ್ನು ಒಣ ಬ್ರಶ್ಶಿನಿಂದ ಕೆಡವಿ, ಡೀಸೆಲ್ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಹಳಿಗೆ ಗ್ರೀಸ್ ತುಂಬಬೇಡಿ, ಎರಡೇ ವಾರಕ್ಕೆ ಅದು ಸಾಣೆಕಲ್ಲಾಗುತ್ತದೆ. ಉರುಳೆಯ ಪಿನ್ನಿಗೆ ಮಾತ್ರ ಒಂದೊಂದು ತೊಗರಿ ಕಾಳಿನಷ್ಟು ಗ್ರೀಸ್, ಹಳಿಗೆ ಬೇಕಾದರೆ ತೆಳು ಸಿಲಿಕೋನ್. ಉರುಳೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಉರುಳುತ್ತಿಲ್ಲ, ಎಳೆದುಕೊಂಡು ಹೋಗುತ್ತಿದೆ, ಬದಲಿಸಿ. ಬಾಗಿಲು ಮುಚ್ಚುವ ಕೊನೆಯಲ್ಲಿ ಹಿಂದಿನ ತುದಿ ಕೆಳಗೆ ಕೂತು ಹಿಡಿಯುತ್ತಿದ್ದರೆ ಮೊದಲು ನಡುವಿನ ಉರುಳೆಯನ್ನೇ ನೋಡಿ, ಲ್ಯಾಚಿಗೆ ಕೈ ಹಾಕುವುದು ಆಮೇಲೆ.